ಅತ್ತೆಯ ನೂಲಿನ ಉಂಡೆ

ಕೆಲವು ವರ್ಷಗಳ ಹಿಂದೆ ಒಂದು ದೀಪಾವಳಿ ವಿಶೇಷಾಂಕಕ್ಕೆ ನಾನೊಂದು ಹರಟೆ ಬರೆದಿದ್ದೆ. ವಿಷಯ, ನಮ್ಮ ಅತ್ತೆಯ ನೂಲಿನ ಉಂಡೆ. ಮುಂಬಯಿಯಲ್ಲಿ ಸಂಸಾರ ಮಾಡಿದವರಿಗೆ ಗೊತ್ತಿರುತ್ತದೆ, ಬೆಳಗ್ಗೆ ಬಾಗಿಲಿನ ಹಿಡಿಗೆ ಹೂವಿನ ಪುಡಿ ತೂಗುಹಾಕಿ ಹೋಗುತ್ತಾರೆ. ಎಲೆಯಲ್ಲೋ ಕಾಗದದಲ್ಲೋ ಸುತ್ತಿ ಬಿಳಿ ನೂಲು ಕಟ್ಟಿದ ಸಣ್ಣ ಪೊಟ್ಟಣ. ಅತ್ತೆ ಆ ನೂಲನ್ನು ಎಂದೂ ಕತ್ತರಿಸಿದವರಲ್ಲ. ಗಂಟು ಎಷ್ಟೇ ಬಿಗಿಯಾಗಿರಲಿ, ಕನ್ನಡಕ ಏರಿಸಿ, ಉಗುರಿನಿಂದ ಬಿಡಿಸಿ, ಹಿಂದಿನ ನೂಲಿನ ತುದಿಗೆ ಗಂಟುಹಾಕಿ ಉಂಡೆಗೆ ಸುತ್ತುತ್ತಾರೆ. ಮಿಠಾಯಿ ಡಬ್ಬದ ನೂಲು, ಸೀರೆ ಅಂಗಡಿಯ ನೂಲು, ಯಾವುದೂ ತಪ್ಪುವುದಿಲ್ಲ. ಉಂಡೆ ಈಗ ಒಂದು ತೆಂಗಿನಕಾಯಿಯಷ್ಟಾಗಿದೆ. ಹಳೆ ಪೇಪರೂ ಹಾಗೆಯೇ. ರದ್ದಿಯವನಿಗೆ ಕೊಡುವ ಮೊದಲು ಒಳ್ಳೆಯ ಹಾಳೆಗಳನ್ನು ಆರಿಸಿ, ಅಂಗೈಯಲ್ಲಿ ತೀಡಿ, ಮಂಚದ ಕೆಳಗೆ ಒಟ್ಟಿಡಬೇಕು.

ಹರಟೆಗೆ ಇಷ್ಟು ಸಾಮಗ್ರಿ ಧಾರಾಳವಾಯಿತು. ಆ ಉಂಡೆಯನ್ನು ಬಿಚ್ಚಿದರೆ ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ವರೆಗೆ ಹೋಗಿ, ಸ್ಲೋ ಲೋಕಲಿನಲ್ಲಿ ವಾಪಸು ಬರಬಹುದು ಎಂದೆಲ್ಲ ಬರೆದೆ. ಜನ ಮೆಚ್ಚಿದರು. ಪುಣೆಯಿಂದ, ಹೈದರಾಬಾದಿನಿಂದ ಫೋನು ಬಂತು. ‘ನಮ್ಮ ಅತ್ತೆ ಹಾಲಿನ ಪ್ಯಾಕೆಟು ತೊಳೆದು ಒಣಗಿಸಿ ಇಡ್ತಾರೆ, ಅದರ ಮೇಲೂ ಬರೀರಿ’ ಎಂದರು ಒಬ್ಬರು.

ಅತ್ತೆಗೆ ನಾನು ಹೇಳಿರಲಿಲ್ಲ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಕಣ್ಣು ಮಂದ ಅಷ್ಟೆ. ಕೆಳಗಿನ ಮನೆಯ ಕುಂದಾಪುರದ ಹೆಂಗಸು ಪತ್ರಿಕೆ ತಂದು ಪೂರ್ತಿ ಓದಿ ಹೇಳಿದ್ದರಂತೆ. ಮೂರು ದಿನ ಅವರು ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ತೊಂಡೆಕಾಯಿ ಹೆಚ್ಚುತ್ತಾ, ತಲೆ ಎತ್ತದೆ, ‘ನೂಲಿನದ್ದು ಬರೆದಿದ್ದಿಯಂತೆ’ ಎಂದರು.

‘ಹೌದು ಅತ್ತೆ. ಬೇಜಾರಾಯ್ತಾ ನಿಮಗೆ?’

‘ಬೇಜಾರೆಂತಕ್ಕೆ? ಎಲ್ಲ ನೆಗಾಡಿದ್ರಂತೆ, ಒಳ್ಳೇದಾಯ್ತು. ಆದ್ರೆ ನೂಲು ಯಾಕೆ ಕೂಡಿಡ್ತೇನೆ ಅಂತ ನೀನು ಬರೀಲೇ ಇಲ್ಲ ಅಲ್ಲ ಮಾರಾಯ್ತಿ.’

‘ಯಾಕೆ ಅಂತ ನನಗೆ ಗೊತ್ತಿಲ್ಲ.’

‘ಗೊತ್ತಾಗುದು ಹ್ಯಾಗೆ? ನೀನು ಕೇಳ್ಲೇ ಇಲ್ಲ.’

ಆ ಮನೆಗೆ ನಾನು ಬಂದು ಆಗ ಇಪ್ಪತ್ತು ವರ್ಷ ದಾಟಿತ್ತು.

ಅವರು ಹೇಳಿದ್ದು ಇಷ್ಟು. ಮಾವ ಪರೇಲ್ ಕಡೆಯ ಒಂದು ಬಟ್ಟೆ ಮಿಲ್ಲಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ಅಲ್ಲೇ ಹತ್ತಿರದ ಚಾಳಿನಲ್ಲಿ ಒಂದು ಖೋಲಿ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬಯಿಯ ಮಿಲ್ಲುಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಮಿಲ್ಲೇ ನಿಂತ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರು ಯಾರು? ಕಾರ್ಮಿಕರಿಗಾದರೂ ಯೂನಿಯನ್ ಇತ್ತು, ಸಭೆ ಇತ್ತು, ನಾಳೆ ಏನಾದರೂ ಆದೀತೆಂಬ ಮಾತಿತ್ತು. ಕ್ಯಾಂಟೀನಿನವರಿಗೆ ಅದೂ ಇರಲಿಲ್ಲ. ಎರಡು ತಿಂಗಳು ಕೈಯಲ್ಲಿದ್ದದ್ದರಲ್ಲಿ ನಡೆಯಿತು. ಆಮೇಲೆ ಮಾವ ಹೋಟೆಲಿನಿಂದ ಹೋಟೆಲಿಗೆ ಬದಲಿ ಕೆಲಸ ಹುಡುಕುತ್ತ ಅಲೆದರು. ಅತ್ತೆ ಪೇಪರಿನ ತೊಟ್ಟೆ ಮಾಡತೊಡಗಿದರು.

ಈಗಿನ ಮಕ್ಕಳಿಗೆ ಪೇಪರಿನ ತೊಟ್ಟೆಯೆಂದರೆ ಮಾಲಿನಲ್ಲಿ ಕೊಡುವ ಹಿಡಿಕೆಯ ಚೀಲ. ಆಗ ದಿನಸಿ ಅಂಗಡಿಯಲ್ಲಿ ಅಕ್ಕಿ, ಬೇಳೆ, ಸಕ್ಕರೆ ಎಲ್ಲವನ್ನೂ ಹಳೆ ವೃತ್ತಪತ್ರಿಕೆಯ ಚೀಲದಲ್ಲಿ ತುಂಬಿ ನೂಲು ಕಟ್ಟಿ ಕೊಡುತ್ತಿದ್ದರು. ಆ ಚೀಲಗಳನ್ನು ಮಾಡುತ್ತಿದ್ದದ್ದು ಇಂಥ ಖೋಲಿಗಳಲ್ಲಿನ ಹೆಂಗಸರು. ಹಾಳೆ ಮಡಚಿ, ಹಿಟ್ಟಿನ ಅಂಟು ಸವರಿ, ಒಣಗಿಸಿ, ನೂರರ ಲೆಕ್ಕದಲ್ಲಿ ನೂಲಿನಿಂದ ಕಟ್ಟು ಕಟ್ಟಿ ಕಚ್ಛಿ ಅಂಗಡಿಯವನಿಗೆ ಕೊಡುವುದು. ರದ್ದಿ ಕೊಳ್ಳಬೇಕು, ನೂಲೂ ಕೊಳ್ಳಬೇಕು. ಕೊಂಡರೆ ಉಳಿಯುವುದು ಏನೂ ಇಲ್ಲ. ಹಾಗಾಗಿ ಅತ್ತೆ ಚಾಳಿನ ಮನೆಮನೆಯಿಂದ ಹೂವಿನ ಪುಡಿಯ ನೂಲು ಕೇಳಿ ತರುತ್ತಿದ್ದರು. ಬಿಚ್ಚಿ ಗಂಟುಹಾಕಿ ಉಂಡೆ ಮಾಡುತ್ತಿದ್ದರು. ಕಟ್ಟುಗಳನ್ನು ಅಂಗಡಿಗೆ ಮುಟ್ಟಿಸುವುದು ಹತ್ತು ವರ್ಷದ ಮಗನ ಕೆಲಸ, ಶಾಲೆಗೆ ಹೋಗುವ ಮೊದಲು. ಆ ಮಗ ಈಗ ನನ್ನ ಗಂಡ. ಅವರು ಒಂದು ದಿನವೂ ಇದನ್ನು ನನಗೆ ಹೇಳಿರಲಿಲ್ಲ.

ಮುಷ್ಕರದ ವಿಷಯ ನನಗೆ ತಿಳಿಯದ್ದೇನಲ್ಲ. ಅದನ್ನು ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲವೆಂದೂ, ಮಿಲ್ಲಿನ ಜಾಗಗಳಲ್ಲಿ ಮಾಲು, ಟವರು ಎದ್ದವೆಂದೂ ಓದಿದ್ದೆ. ಲೋವರ್ ಪರೇಲಿನ ಮಾಲೊಂದಕ್ಕೆ ಅತ್ತೆಯನ್ನೇ ಕರೆದುಕೊಂಡು ಹೋಗಿ, ಹಳೆ ಚಿಮಣಿ ತೋರಿಸಿ, ‘ನೋಡಿ, ಇದು ಹಿಂದೆ ಮಿಲ್ಲು ಆಗಿತ್ತಂತೆ’ ಎಂದು ಅವರಿಗೇ ವಿವರಿಸಿದವಳು ನಾನು. ಆದರೆ ಪೇಪರಿನಲ್ಲಿ ಓದಿದ ಮುಷ್ಕರವನ್ನೂ ಮನೆಯಲ್ಲಿದ್ದ ಉಂಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ತೋಚಿರಲಿಲ್ಲ. ಒಂದು ಸುದ್ದಿ, ಇನ್ನೊಂದು ಮುದುಕಿಯ ಚಾಳಿ ಎಂದು ತಿಳಿದಿದ್ದೆ.

ನಮ್ಮಲ್ಲಿ ಹೆಂಗಸರು ದಿನನಿತ್ಯದ ಬದುಕಿನ ಬಗ್ಗೆ ಬರೆದದ್ದಕ್ಕೆ ‘ಅಡುಗೆಮನೆ ಸಾಹಿತ್ಯ’ ಎಂಬ ಹೆಸರಿದೆ. ಹೊಗಳಲು ಇಟ್ಟ ಹೆಸರಲ್ಲ. ದೊಡ್ಡ ವಿಷಯಗಳು ಹೊರಗೆ ಇರುತ್ತವೆ, ಗಂಡಸರು ಅವುಗಳ ಬಗ್ಗೆ ಬರೆಯುತ್ತಾರೆ, ಹೆಂಗಸರು ಒಗ್ಗರಣೆಯ ಬಗ್ಗೆ ಬರೆಯುತ್ತಾರೆ ಎಂಬ ಅರ್ಥ. ಈ ಮಾತಿಗೆ ಸಿಟ್ಟಾಗುವುದು ಸುಲಭ. ಆದರೆ ಅತ್ತೆಯ ಪ್ರಶ್ನೆಯ ನಂತರ ನನಗೆ ಬಂದ ಅನುಮಾನ ಬೇರೆ. ನಾನೂ ಆ ಮಾತನ್ನು ಒಳಗೊಳಗೇ ಒಪ್ಪಿಕೊಂಡಿದ್ದೆನೋ ಏನೋ! ಇಲ್ಲದಿದ್ದರೆ ನೂಲಿನ ಉಂಡೆಯನ್ನು ಬರೀ ತಮಾಷೆ ಎಂದು ಯಾಕೆ ಬಗೆದೆ?

ಮರಾಠಿಯವರಿಗೆ ಈ ಪಾಠ ಮೊದಲೇ ಆಗಿದೆ. ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೇ’ 1934ರಿಂದ ನಾಲ್ಕು ಭಾಗಗಳಲ್ಲಿ ಬಂದ ಆತ್ಮಕಥೆ. ಕವಿ ನಾರಾಯಣ ವಾಮನ ಟಿಳಕರ ಹೆಂಡತಿ ಆಕೆ. ಶಾಲೆಗೆ ಹೋದವರಲ್ಲ, ಬರೆದದ್ದು ಮಾತಾಡುವ ಮರಾಠಿಯಲ್ಲಿ. ಮುಂಬಯಿ, ಪುಣೆಯಲ್ಲಿ ಇಷ್ಟು ವರ್ಷ ಇದ್ದು, ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು ಮರಾಠಿ ಕಲಿತು, ಈ ಪುಸ್ತಕ ಓದದೆ ಇರುವುದು ನಷ್ಟ. ಅದರ ಮೊದಲಿಗೇ ತಂದೆಯ ಮಡಿಯ ಹುಚ್ಚಿನ ವರ್ಣನೆ ಬರುತ್ತದೆ. ಮುಟ್ಟಿದ್ದನ್ನೆಲ್ಲ ತೊಳೆಯುವ, ಹೆಂಡತಿ ಮಕ್ಕಳನ್ನು ಗೋಳುಹುಯ್ದುಕೊಳ್ಳುವ ಮಡಿ. ಓದುತ್ತಾ ನಗು ತಡೆಯಲಾಗುವುದಿಲ್ಲ. ಆದರೆ ಲಕ್ಷ್ಮೀಬಾಯಿ ನನ್ನ ಹಾಗೆ ಕಾರಣವನ್ನು ಬಿಟ್ಟಿಲ್ಲ. 1857ರ ದಂಗೆಯ ಹಿನ್ನೆಲೆಯಲ್ಲಿ ಆ ಕುಟುಂಬದ ಹಿರಿಯರೊಬ್ಬರನ್ನು ಗಲ್ಲಿಗೇರಿಸಿದ್ದರು, ಆ ಆಘಾತದಿಂದ ತಂದೆಗೆ ಮಡಿ ಹಿಡಿಯಿತು ಎಂದು ಆಕೆ ಹೇಳುತ್ತಾರೆ. ದೇಶದ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವ ವರ್ಷವೊಂದು ಒಂದು ಮನೆಯ ನೀರಿನ ಹಂಡೆಗೆ ಹೇಗೆ ಬಂದು ಸೇರಿತು ಎನ್ನುವುದು ಅಲ್ಲಿದೆ. ಇತಿಹಾಸದ ಪುಸ್ತಕದಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ.

ನಮ್ಮ ಕನ್ನಡದಲ್ಲಿ ಹೆಂಗಸರು ಬರೆದದ್ದರ ಕಥೆಯನ್ನು ಹೇಳುವಾಗ ಅವರ ಹೆಸರಿನ ಕಥೆಯನ್ನೂ ಹೇಳಬೇಕಾಗುತ್ತದೆ. ಕೊಡಗಿನ ಗೌರಮ್ಮ 1939ರಲ್ಲಿ, ಇಪ್ಪತ್ತೇಳು ವರ್ಷಕ್ಕೇ, ನೀರಿನಲ್ಲಿ ಮುಳುಗಿ ತೀರಿಕೊಂಡರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಅವರನ್ನು ಕರೆಸಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು ಈಕೆ. ಅಷ್ಟು ಗಟ್ಟಿ ಹೆಂಗಸು ಕಥೆಗಳ ಕೆಳಗೆ ಸಹಿ ಹಾಕುತ್ತಿದ್ದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು. ಗಾಂಧೀಜಿಯನ್ನು ಮನೆಗೆ ಕರೆಸಿಕೊಂಡವರಿಗೂ ಸ್ವಂತ ಹೆಸರಿನಲ್ಲಿ ಕಥೆ ಅಚ್ಚುಹಾಕಿಸುವುದು ಸಲೀಸಾಗಿರಲಿಲ್ಲ. ‘ಕಂಬನಿ’, ‘ಚಿಗುರು’ ಸಂಕಲನಗಳು ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ.

ವೈದೇಹಿಯವರದ್ದು ಇನ್ನೊಂದು ಕಥೆ. ಬರೆಯಲು ತೊಡಗಿದ ಹೊಸದರಲ್ಲಿ ‘ಸುಧಾ’ಕ್ಕೆ ಏನೋ ಬರೆದು ಕಳಿಸಿದ್ದರು. ಅದರಲ್ಲಿ ನಿಜವಾಗಿ ನಡೆದ ಸಂಗತಿ ಇತ್ತು. ಆಮೇಲೆ ಅಳುಕಾಗಿ, ಅಚ್ಚು ಮಾಡಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಬರಹವನ್ನು ಬಿಡಲಿಲ್ಲ, ಹೆಸರನ್ನು ಬದಲಿಸಿದರು. ಹಾಗೆ ಬಂದದ್ದು ‘ವೈದೇಹಿ’. ಕುಂದಾಪುರದ ವಾಸಂತಿ, ಮದುವೆಯ ನಂತರದ ಜಾನಕಿ ಶ್ರೀನಿವಾಸಮೂರ್ತಿ, ಈಗ ನಮಗೆಲ್ಲ ವೈದೇಹಿ. 2009ರಲ್ಲಿ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅದೇ ಹೆಸರು. ಬೇರೆಯವರ ಬದುಕನ್ನು ಬರೆದುಬಿಟ್ಟೆನಲ್ಲಾ ಎಂಬ ಅಳುಕು ಅವರಿಗೆ ಒಂದು ಹೆಸರನ್ನೇ ಕೊಟ್ಟಿತು. ನಮ್ಮಂಥ ಸಣ್ಣಪುಟ್ಟವರಿಗೆ ಆ ಅಳುಕಿನಿಂದ ಬರೀ ನಿದ್ದೆ ಕೆಡುತ್ತದೆ.

ನಗಿಸಿ ಬರೆದವರಲ್ಲಿ ಟಿ. ಸುನಂದಮ್ಮನವರನ್ನು ಮರೆಯಬಾರದು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ರಾಶಿ, ‘ಕೊರವಂಜಿ’ ಮಾಸಪತ್ರಿಕೆ ಶುರುಮಾಡಿದರು. ಅದರಲ್ಲಿ ಗಂಡ-ಹೆಂಡತಿ, ನೆಂಟರು, ಅಡುಗೆ, ಖರೀದಿ ಎಂದು ಸಂಸಾರದ ಸಂಗತಿಗಳನ್ನೇ ಇಟ್ಟುಕೊಂಡು ಸುನಂದಮ್ಮ ಬರೆದರು. ಹೆಂಗಸರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಗಂಡಸರು ಭಾಷಣ ಮಾಡುತ್ತಿದ್ದ ಕಾಲದಲ್ಲಿ! 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆ ಆದದ್ದೂ ಈ ಹಾಸ್ಯಗಾರ್ತಿಯೇ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಲೋಕದ ವಿದ್ಯಮಾನಗಳನ್ನು ನೇರವಾಗಿ ಬರೆಯಲು ಹೆಂಗಸರಿಗೆ ಜಾಗ ಮಾಡಿಕೊಟ್ಟದ್ದರಲ್ಲಿ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯ ಪಾಲು ದೊಡ್ಡದು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಯ ವರದಿಗಾರ್ತಿಯಾಗಿದ್ದರು, ಆಮೇಲೆ ವಕೀಲೆಯಾದರು. ವರದಿಯಲ್ಲಿ ಹಿಡಿಯದ್ದು ಕಥೆಗೆ ಬಂತು. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ನಮ್ಮ ಸೊಸೈಟಿಯ ಗುಜರಾತಿ, ಮಲಯಾಳಿ ಹೆಂಗಸರೆಲ್ಲ ನನ್ನನ್ನು ನಿಲ್ಲಿಸಿ, ನಾನೇ ಬರೆದಿದ್ದೆನೋ ಎಂಬಂತೆ ಅಭಿನಂದಿಸಿದರು. ಕಥೆಗಳಲ್ಲಿ ಇರುವುದು ಏನು? ಮನೆ, ಮಕ್ಕಳು, ಗಂಡ, ಬಾಣಂತನ, ಮಸೀದಿಯ ಮುತವಲ್ಲಿ, ಹೆಣ್ಣುಮಕ್ಕಳು ನುಂಗಿಕೊಂಡ ಮಾತು. ಅನುವಾದಿಸಿದ ದೀಪಾ ಭಾಸ್ತಿ ಕೊಡಗಿನವರು. ಅವರು ಅದಕ್ಕೂ ಮೊದಲು ಕೊಡಗಿನ ಗೌರಮ್ಮನ ಕಥೆಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ. ‘ಮಿಸೆಸ್’ ಎಂಬ ಮುಸುಕಿನಲ್ಲಿ ಬರೆದ ಹೆಂಗಸು ಅದೇ ಊರಕಡೆಯ ಹೆಂಗಸಿನ ಕೈಯಲ್ಲಿ ತನ್ನ ಹೆಸರಿನಲ್ಲಿ ಹೊರಗೆ ಬಂದಳು.

ಇವರೆಲ್ಲ ದೊಡ್ಡ ಹೆಸರುಗಳು. ನಾನು ಹೇಳಹೊರಟದ್ದು ಹೆಸರಿಲ್ಲದವರ ಬಗ್ಗೆ, ಹೊರನಾಡಿನ ನಮ್ಮ ಬಗ್ಗೆ. ನಮ್ಮಲ್ಲಿ ಬರೆಯದೆ ಇದ್ದ ಹೆಂಗಸು ಯಾರು? ‘ಉಭಯ ಕುಶಲೋಪರಿ’ ಎಂದು ಶುರುವಾಗಿ, ನೀಲಿ ಇನ್‌ಲ್ಯಾಂಡಿನ ಮೂರೂ ಮಗ್ಗುಲು ತುಂಬಿ, ಅಂಟು ಹಚ್ಚುವ ಪಟ್ಟಿಯ ಅಂಚಿನಲ್ಲಿ ಅಡ್ಡಡ್ಡ ಮುಗಿಯುತ್ತಿದ್ದ ಕಾಗದಗಳನ್ನು ಊರಿಗೆ ಬರೆದವರು ನಮ್ಮ ಅತ್ತೆಯಂದಿರು, ದೊಡ್ಡಮ್ಮಂದಿರು. ಸೀಮೆಎಣ್ಣೆಯ ಕ್ಯೂ, ನಲ್ಲಿಯ ಜಗಳ, ಪಕ್ಕದ ಖೋಲಿಯ ಮರಾಠಿ ಬಾಣಂತಿ, ಗಣಪತಿ ಹಬ್ಬದ ಗದ್ದಲ, ಎಲ್ಲ ಅದರಲ್ಲಿತ್ತು. ಅದು ಸಾಹಿತ್ಯವೆಂದು ಯಾರಿಗೂ ಅನಿಸಲಿಲ್ಲ, ಬರೆದವರಿಗೂ ಅನಿಸಲಿಲ್ಲ. ಊರಮನೆಯಲ್ಲಿ ತಂತಿಗೆ ಸುರಿದು ತೂಗುಹಾಕಿದ್ದವು, ಮನೆ ಪಾಲಾದಾಗ ಒಲೆಗೆ ಹೋದವು. ನಮ್ಮ ಅತ್ತೆಯ 1982ರ ಕಾಗದಗಳೂ ಹಾಗೇ ಹೋದವು. ಅವು ಇದ್ದಿದ್ದರೆ ತೊಟ್ಟೆಯ ವಿಷಯ ಅದರಲ್ಲಿ ಇರುತ್ತಿತ್ತೇ ಎಂದು ಕೇಳಿದೆ. ‘ಇಲ್ಲಪ್ಪ, ಅಮ್ಮನಿಗೆ ಅದೆಲ್ಲ ಬರೀತಾರಾ? ಸುಖವಾಗಿದ್ದೇವೆ ಅಂತ ಬರ್ದಿದ್ದೆ’ ಎಂದರು. ಕಾಗದಗಳನ್ನು ನಂಬುವಾಗಲೂ ಸ್ವಲ್ಪ ಎಚ್ಚರ ಬೇಕು.

1998ರಲ್ಲಿ ‘ಬರಹ’ ತಂತ್ರಾಂಶ, ಆಮೇಲೆ ಯೂನಿಕೋಡ್ ಬಂದ ಮೇಲೆ ನಮ್ಮ ತಲೆಮಾರಿನವರು ಮಕ್ಕಳನ್ನು ಶಾಲೆಗೆ ಕಳಿಸಿ ಕಂಪ್ಯೂಟರಿನ ಮುಂದೆ ಕೂತು ಬರೆಯತೊಡಗಿದೆವು. ಸಂಪಾದಕರ ಮರ್ಜಿ ಕಾಯಬೇಕಿರಲಿಲ್ಲ, ಅಂಚೆಚೀಟಿ ಅಂಟಿಸಿದ ವಾಪಸು ಕವರು ಇಡಬೇಕಿರಲಿಲ್ಲ. ಚೆನ್ನೈಯಲ್ಲಿ, ದೆಹಲಿಯಲ್ಲಿ, ಪುಣೆಯಲ್ಲಿ ಕೂತ ಹೆಂಗಸರು ಎಂದೂ ಮುಖ ನೋಡದೆ ಒಬ್ಬರಿಗೊಬ್ಬರು ಓದುಗರಾದರು. ಅದರಲ್ಲಿ ಎಷ್ಟೋ ಈಗ ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತುಹೋಗಿದೆ, ಜಾಲತಾಣ ನಿಂತಿದೆ. ಒಲೆಯೊಂದು ಬೇರೆ, ಅಷ್ಟೆ.

ಹಾಗೆಂದು ಬರೆದದ್ದೆಲ್ಲ ಚಿನ್ನವೆಂದು ಹೇಳಲಾರೆ. ನನ್ನನ್ನೂ ಸೇರಿಸಿಯೇ ಹೇಳುತ್ತೇನೆ, ಹೊರನಾಡ ಹೆಂಗಸರ ಬರವಣಿಗೆಯಲ್ಲಿ ಒಂದು ದೊಡ್ಡ ಊನ ಇದೆ. ನಾವು ಬದುಕುವುದು ಒಂದು ಕಡೆ, ಬರೆಯುವುದು ಇನ್ನೊಂದು ಕಡೆ. ಅಜ್ಜಿಮನೆಯ ಅಂಗಳ, ಮೊದಲ ಮಳೆ, ಪತ್ರೊಡೆ, ಹಪ್ಪಳ ಕಾಯಲು ಕೂತ ಬೇಸಿಗೆ, ಇವುಗಳ ಬಗ್ಗೆ ನೂರು ಬರಹ ಸಿಗುತ್ತವೆ. ಬೆಳಗಿನ 8.12ರ ಲೇಡೀಸ್ ಡಬ್ಬದಲ್ಲಿ ನಿಂತೇ ಮೆಂತೆಸೊಪ್ಪು ಬಿಡಿಸುವ ಹೆಂಗಸಿನ ಬಗ್ಗೆ ಎಷ್ಟು ಸಿಗುತ್ತವೆ? ಪತ್ರೊಡೆ ಬರೆದಷ್ಟು ನಾವು ವಡಾಪಾವ್ ಬರೆದಿಲ್ಲ. ತಿನ್ನುವುದು ಮಾತ್ರ ವಡಾಪಾವನ್ನೇ ಜಾಸ್ತಿ. ಊರಿನ ನೆನಪು ಸುಳ್ಳಲ್ಲ, ಅದು ನಮಗೆ ಬೇಕು. ಆದರೆ ಹದಿನೆಂಟು ವರ್ಷ ಊರಲ್ಲಿದ್ದು ಮೂವತ್ತು ವರ್ಷ ಇಲ್ಲಿದ್ದವರು ಹದಿನೆಂಟನ್ನೇ ಬರೆಯುತ್ತಾ ಕೂತರೆ ಮೂವತ್ತರ ಲೆಕ್ಕ ಯಾರು ಇಡುವುದು?

ಆ ಮೂವತ್ತು ವರ್ಷದಲ್ಲಿ ಏನೇನೆಲ್ಲ ಆಯಿತು! 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು ಎಂಬ ಅಂಕಿ ಎಲ್ಲ ಕಡೆ ಇದೆ. ಅಂದು ರಾತ್ರಿ ಗಂಡ, ಮಕ್ಕಳು ಎಲ್ಲಿದ್ದಾರೆಂದು ತಿಳಿಯದೆ, ಮನೆಗೆ ಬಂದು ಸೇರಿದ ಗುರುತಿಲ್ಲದ ಆರು ಜನರಿಗೆ ಗಂಜಿ ಮಾಡಿ ಬಡಿಸಿದ ಕನ್ನಡತಿಯರು ನನಗೇ ಮೂವರು ಗೊತ್ತು. ಒಬ್ಬರೂ ಬರೆದಿಲ್ಲ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಐನೂರು, ಸಾವಿರದ ನೋಟು ರದ್ದಾಯಿತು ಎಂದಾಗ ಟಿ.ವಿ.ಯಲ್ಲಿ ಕಪ್ಪುಹಣದ ಚರ್ಚೆ ನಡೆಯಿತು. ನಮ್ಮ ಬಿಲ್ಡಿಂಗಿನಲ್ಲಿ ಆ ರಾತ್ರಿ ನಡೆದದ್ದು ಬೇರೆ. ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ಮದುವೆ ಸೀರೆಯ ಮಡಿಕೆ, ದೇವರ ಪಟದ ಹಿಂಬದಿ, ಎಲ್ಲ ಕಡೆಯಿಂದ ಹೆಂಗಸರ ದುಡ್ಡು ಹೊರಗೆ ಬಂತು. ಗಂಡನಿಗೆ ತಿಳಿಯದ ಹಾಗೆ ವರ್ಷಗಟ್ಟಲೆ ಕೂಡಿಟ್ಟದ್ದನ್ನು ಗಂಡನ ಕೈಗೇ ಕೊಟ್ಟು ಬ್ಯಾಂಕಿಗೆ ಕಳಿಸಬೇಕಾಯಿತು. ಯಾಕೆ ಕೂಡಿಟ್ಟಿದ್ದಿ, ಯಾರಿಗೆ ಅಂತ ಕೂಡಿಟ್ಟಿದ್ದಿ ಎಂಬ ಪ್ರಶ್ನೆಗೆ ಒಬ್ಬೊಬ್ಬರೂ ಏನು ಉತ್ತರ ಕೊಟ್ಟರು? ಅರ್ಥಶಾಸ್ತ್ರಜ್ಞರಿಗೆ ಇದು ತಿಳಿಯುವ ದಾರಿ ಇಲ್ಲ. ಬರೆಯಬಲ್ಲವರು ನಾವೇ.

ಲಾಕ್‌ಡೌನಿನ ಬಗ್ಗೆ ನಾವೆಲ್ಲ ಬರೆದೆವು, ನಿಜ. ಪಾತ್ರೆ ತಿಕ್ಕಿ ಕೈ ಒರಟಾದದ್ದನ್ನೇ ಬರೆದೆವು. ಪಾತ್ರೆ ತಿಕ್ಕುತ್ತಿದ್ದ ಬಾಯಿ ಆ ತಿಂಗಳುಗಳಲ್ಲಿ ಏನು ತಿಂದಳು ಎಂದು ಬರೆದವರು ಕಡಿಮೆ.

ಇಲ್ಲಿ ಬೇಬಿ ಹಾಲ್ದಾರ್ ನೆನಪಾಗುತ್ತಾರೆ. ಗುಡಗಾಂವಿನಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದ ಬಂಗಾಳಿ ಹೆಂಗಸು. ಕೆಲಸಕ್ಕಿದ್ದ ಮನೆಯ ಯಜಮಾನರು ಪ್ರಬೋಧ್ ಕುಮಾರ್, ಮಾನವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಪ್ರೇಮಚಂದರ ಮೊಮ್ಮಗ. ಪುಸ್ತಕದ ಕಪಾಟಿನ ಧೂಳು ಹೊಡೆಯುವಾಗ ಆಕೆಯ ಕೈ ಪುಸ್ತಕಗಳ ಮೇಲೆ ತಡೆಯುವುದನ್ನು ಕಂಡು ಅವರು ಓದಲು ಪುಸ್ತಕ ಕೊಟ್ಟರು, ಆಮೇಲೆ ಒಂದು ನೋಟುಬುಕ್ಕು, ಪೆನ್ನು ಕೊಟ್ಟು ನಿನ್ನ ಬದುಕನ್ನು ಬರಿ ಎಂದರು. ಹಾಗೆ ಹುಟ್ಟಿದ ‘ಆಲೋ ಆಂಧಾರಿ’ 2002ರಲ್ಲಿ ಮೊದಲು ಹಿಂದಿಯಲ್ಲಿ ಬಂತು, ಆಮೇಲೆ ಹಲವು ಭಾಷೆಗಳಿಗೆ ಹೋಯಿತು. ದೆಹಲಿಯಲ್ಲಿರುವ ನಮ್ಮವರ ಮಕ್ಕಳು ಹನ್ನೊಂದನೆಯ ತರಗತಿಯ ಹಿಂದಿ ಪಠ್ಯದಲ್ಲಿ ಅದರ ಭಾಗವನ್ನು ಓದಿದ್ದಾರೆ. ಮಗ ಪಾಠ ಓದುತ್ತಿರುವಾಗ ಒಳಗೆ ಪಾತ್ರೆ ತೊಳೆಯುತ್ತಿದ್ದವಳಿಗೆ ಅದನ್ನು ಓದಿ ಹೇಳಬೇಕೆಂದು ಯಾವ ಮನೆಯಲ್ಲಾದರೂ ತೋಚಿತೋ ಇಲ್ಲವೋ. ನಮ್ಮ ಮನೆಯಲ್ಲಂತೂ ತೋಚಿರಲಿಕ್ಕಿಲ್ಲ.

ಭಾಷೆಯದ್ದೂ ಒಂದು ಮಾತಿದೆ. ಮುಂಬಯಿಯಲ್ಲಿ ‘ಸೃಜನಾ’ ಎಂಬ ಕನ್ನಡ ಲೇಖಕಿಯರ ಬಳಗವಿದೆ, ಮಿತ್ರಾ ವೆಂಕಟ್ರಾಜರಂಥವರು ಇಲ್ಲಿಂದಲೇ ಕುಂದಾಪುರದ ಕಡೆಯ ಮಾತಿನ ಸೊಗಸನ್ನು ಕಥೆಗೆ ತಂದಿದ್ದಾರೆ. ಆದರೆ ನಮ್ಮ ಇಲ್ಲಿನ ಮಾತು, ‘ಬಾಯಿ ಇವತ್ತು ಸುಟ್ಟಿ ಹಾಕಿದ್ದಾಳೆ, ಭಾಜಿ ನೀನೇ ಕಟ್ ಮಾಡು’ ಎನ್ನುವ ಮಾತು, ಬರೆಯುವಾಗ ನಾಚಿಕೆಯಿಂದ ಹಿಂದೆ ಸರಿಯುತ್ತದೆ. ಕೂತು ಬರೆಯುವಾಗ ಅವಳು ‘ಮನೆಗೆಲಸದಾಕೆ’ ಆಗುತ್ತಾಳೆ, ಅವಳ ಸುಟ್ಟಿ ‘ರಜೆ’ ಆಗುತ್ತದೆ. ಹೂವಿನ ಪುಡಿ ಎಂದು ಈ ಬರಹದ ಮೊದಲಲ್ಲಿ ಬರೆದಾಗ ನನಗೂ ಒಂದು ಕ್ಷಣ ಕೈ ತಡೆಯಿತು. ಊರಲ್ಲಿ ಪುಡಿ ಎಂದರೆ ಸಾರಿನ ಪುಡಿ. ಇಲ್ಲಿ ಹೂವೂ ಪುಡಿಯಲ್ಲಿ ಬರುತ್ತದೆ. ಇರಲಿ, ಈ ಪುಡಿಯೂ ನಮ್ಮ ಕನ್ನಡವೇ.

ಅತ್ತೆ ಹೇಳಿದ್ದನ್ನು ಬರೆಯಬೇಕೆಂದು ನಾನು ಹೊರಟಾಗ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಗಂಡ ಬೇಡವೆಂದರು. ‘ತಮಾಷೆ ಬರೆದೆ, ಸರಿ. ಅದೆಲ್ಲ ಯಾಕೆ ಊರಿಗೆಲ್ಲ ಹೇಳಬೇಕು? ನಾವೇನು ಭಿಕ್ಷೆ ಬೇಡಿದ್ದೆವಾ?’ ಎಂದರು. ಆ ಕಟ್ಟುಗಳನ್ನು ಹೊತ್ತು ಹೋಗುವಾಗ ದಾರಿಯಲ್ಲಿ ಸಹಪಾಠಿಗಳು ಸಿಗುತ್ತಿದ್ದರಂತೆ. ನಲವತ್ತು ವರ್ಷವಾದರೂ ಅದು ಅವರಿಗೆ ಆರಿಲ್ಲ. ಅತ್ತೆ ಇನ್ನೊಂದು ಕಡೆ. ‘ಬರೀಲಿ ಬಿಡು. ಕದ್ದದ್ದಾ? ಮಾಡಿ ಮಾರಿದ್ದು’ ಎಂದರು. ಇಬ್ಬರದೂ ಅದೇ ಖೋಲಿ, ಅದೇ ತೊಟ್ಟೆ. ಒಬ್ಬರಿಗೆ ಅವಮಾನ, ಇನ್ನೊಬ್ಬರಿಗೆ ಹೆಮ್ಮೆ. ನಡುವೆ ಪೆನ್ನು ಹಿಡಿದು ಕೂತ ನನಗೆ ಆಗ ಆ ಮನೆಯಲ್ಲಿ ಇರಲೇ ಇಲ್ಲದವಳ ಅಧಿಕಾರ ಎಷ್ಟು? ಇಂಥ ಬರವಣಿಗೆಯಲ್ಲಿ ಕಷ್ಟವಾದದ್ದು ಶೈಲಿಯೂ ಅಲ್ಲ, ಕಾಗುಣಿತವೂ ಅಲ್ಲ, ಇದೇ. ಕಥೆಯಾದರೆ ಹೆಸರು, ಊರು ಬದಲಿಸಬಹುದು. ಹೀಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುವವಳು ಮರುದಿನ ಅವರಿಗೇ ಊಟಕ್ಕೆ ಬಡಿಸಬೇಕು.

ಎರಡು ವರ್ಷ ಬರೆಯಲಿಲ್ಲ. ಕಳೆದ ತಿಂಗಳು ಗಂಡ ತಾವಾಗಿಯೇ, ‘ಅದು ಬರೆದೆಯಾ?’ ಎಂದು ಕೇಳಿದರು. ಬರೆದದ್ದನ್ನು ಓದಲು ಕೊಟ್ಟೆ. ಎರಡು ಸಾಲು ಹೊಡೆದುಹಾಕಿದರು. ಆ ಎರಡು ಸಾಲು ಇಲ್ಲಿಲ್ಲ. ಮಿಲ್ಲಿನ ಹೆಸರು ಬೇಡ ಎಂದರು, ಅದೂ ಇಲ್ಲ.

ಆಮೇಲೆ ಅತ್ತೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಕೈ ಉಂಡೆಯ ಮೇಲೆ ಇತ್ತು. ‘ಮೈದಾದ ಅಂಟು’ ಎಂದು ಓದಿದಾಗ ಕಣ್ಣು ತೆರೆದರು.

‘ಮೈದಾ ಎಲ್ಲಿತ್ತು ಆಗ? ರೇಶನಿನ ಗೋಧಿಹಿಟ್ಟು. ಅದನ್ನು ವಸ್ತ್ರಗಾಳಿತ ಮಾಡಿ ಕಾಸ್ತಿದ್ದೆ. ಉಳಿದ ತವುಡಲ್ಲಿ ರೊಟ್ಟಿ. ಅಷ್ಟನ್ನು ಸರಿ ಮಾಡು.’

ಮೇಲೆ ಅಲ್ಲಿ ಹಿಟ್ಟಿನ ಅಂಟು ಎಂದಷ್ಟೇ ತಿದ್ದಿದ್ದೇನೆ.